ವಚನ ಸಂಶೋಧನೆ ಮತ್ತು ತರುಣ ವಿದ್ವಾಂಸರು

ವಚನವಾಙ್ಮಯದ ಪಾಠಸಂಶೋಧನೆ ಮುಗಿದ ಕಾರ್ಯವೆಂಬ ಭಾವನೆ ತರುಣ ವಿದ್ವಾಂಸರಲ್ಲಿ ಬೇರೂರುತ್ತಿರುವುದು ವಿಷಾದನೀಯ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇವು ಮಹೋಪಕಾರದ ಕಾರ್ಯಗಳೆಂಬುದು ನಿರ್ವಿವಾದ. ಆದರೆ ಅಚ್ಚಾದ ಪಾಠವೇ ಅಂತಿಮವೆಂದು ಬಗೆದು ವ್ಯಾಖ್ಯಾನಕ್ಕೆ ತೊಡಗುವುದು ಶಾಸ್ತ್ರೀಯ ಕ್ರಮವಲ್ಲ.

ಇದಕ್ಕೆ ಶೂನ್ಯಸಂಪಾದನೆಯೇ ನಿದರ್ಶನ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಈ ನಾಲ್ವರೂ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದವರು. ಆದರೂ ಅವರ ಕೃತಿಗಳು ಒಂದೇ ಅಲ್ಲ. ಮಹದೇವಯ್ಯನ ಮೊದಲ ಸಂಕಲನದಲ್ಲಿ ಇಲ್ಲದ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗ ಅನಂತರದ ಪರಿಷ್ಕರಣದಲ್ಲಿ ಸೇರಿತು. ಇದು ಬರಿಯ ಪಾಠಭೇದವಲ್ಲ. 12ನೆಯ ಶತಮಾನದ ಅನುಭಾವವನ್ನು ಮುಂದಿನ ಪೀಳಿಗೆಗಳು ಹೇಗೆ ಅರಿತುಕೊಂಡವೆಂಬುದಕ್ಕೆ ಸಾಕ್ಷಿ. ಪ್ರತಿಗಳನ್ನು ಎದುರುಬದುರಿಟ್ಟು ಓದಿದವನಿಗಲ್ಲದೆ ಈ ಸಾಕ್ಷಿ ದೊರೆಯದು.

ಹೀಗಿರುವಾಗ ತರುಣರಿಗೆ ಕ್ಷೇತ್ರವಿಲ್ಲವೆನ್ನುವುದು ಸಲ್ಲದು. ಕೊರತೆಯಿರುವುದು ಅವಕಾಶದ ವ್ಯವಸ್ಥೆಯಲ್ಲಿ. ಓಲೆಗರಿಯ ಲಿಪಿಯಲ್ಲಿ ಕಣ್ಣು ಪಳಗಲು ವರ್ಷಗಳೇ ಬೇಕು. ಪದವಿಯ ಗಡುವು ಆ ವ್ಯವಧಾನವನ್ನು ನೀಡದು. ಜೀವನೋಪಾಯದ ಚಿಂತೆಯಂತೂ ಮೊದಲೇ ಇಲ್ಲ. ಆದುದರಿಂದ ಸಂಶೋಧಕನು ಸುಲಭವಾದ ಅಚ್ಚಿನ ಪುಸ್ತಕಕ್ಕೆ ಮರಳುತ್ತಾನೆ. 2008ರಲ್ಲಿ ಕನ್ನಡಕ್ಕೆ ದೊರೆತ ಶಾಸ್ತ್ರೀಯ ಸ್ಥಾನಮಾನ ಸಾರ್ಥಕವಾಗಬೇಕಾದರೆ, ಮಠಗಳೂ ವಿಶ್ವವಿದ್ಯಾಲಯಗಳೂ ಕೂಡಿ ಹಸ್ತಪ್ರತಿ ವಾಚನಕ್ಕೆಂದೇ ದೀರ್ಘಾವಧಿಯ ವೇತನವನ್ನು ಏರ್ಪಡಿಸಬೇಕು. ಓದಬಲ್ಲವರು ಇಲ್ಲವಾದರೆ ಗವಸಣಿಗೆಯಲ್ಲಿ ಭದ್ರವಾಗಿರುವ ಓಲೆಯೂ ಮೂಕವೇ.