ಬೀಗ ಹಾಕಿದ ಬೀರು

ನಮ್ಮೂರ ಶಾಲೆಯಲ್ಲಿ ಲೈಬ್ರರಿ ಅಂದ್ರೆ ಒಂದು ಗಾಜಿನ ಬೀರು. ಬೀಗದ ಕೈ ಹೆಡ್‌ಮೇಷ್ಟ್ರ ಜೇಬಲ್ಲಿ. ಪುಸ್ತಕ ಕಾಣೋದು, ಕೈಗೆ ಸಿಗ್ತಿರಲಿಲ್ಲ.

ಬಿಇ ಸೇರಿದಾಗ ಕಾಲೇಜಿನ ಲೈಬ್ರರಿ ವೆಬ್‌ಸೈಟಲ್ಲಿ ‘ಕುವೆಂಪು’ ಅಂತ ಕನ್ನಡದಲ್ಲೇ ಟೈಪ್ ಮಾಡಿದ್ದೆ. ಫಲಿತಾಂಶ ಸೊನ್ನೆ. ಇಂಜಿನಿಯರಿಂಗ್ ಕಾಲೇಜಲ್ವಾ, ಕನ್ನಡ ಪುಸ್ತಕ ಇಟ್ಟಿರಲ್ಲ ಅಂದ್ಕೊಂಡೆ. ಮೂರನೇ ವರ್ಷ, ಬೇರೇನೋ ಹುಡುಕ್ತಿದ್ದಾಗ ಕೊನೇ ರ‍್ಯಾಕಲ್ಲಿ ‘ಕಾನೂರು ಹೆಗ್ಗಡಿತಿ’ ಧೂಳು ಹಿಡಿದು ಕೂತಿತ್ತು! ಕ್ಯಾಟಲಾಗಲ್ಲಿ ಅದರ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು, ಲೇಖಕರು ‘ಪುಟ್ಟಪ್ಪ’ ಆಗಿದ್ದರು. ‘ಹೆಗ್ಗಡಿತಿ’ಯನ್ನ ಇಂಗ್ಲಿಷಲ್ಲಿ ಎಷ್ಟು ಥರ ಬರೀಬಹುದು, ನೀವೇ ಹೇಳಿ.

‘ಈಗಿನ ಹುಡುಗ್ರು ಲೈಬ್ರರಿ ಸೈಟ್ ಮುಟ್ಟಲ್ಲ, ಎಲ್ಲಾದಕ್ಕೂ ಗೂಗಲ್’ ಅಂತ ಬೈಯೋರನ್ನ ಕಂಡಾಗೆಲ್ಲ ಇದು ನೆನಪಾಗುತ್ತೆ. ಜನ ಒಂದು ತಂತ್ರಜ್ಞಾನವನ್ನು ಯಾಕೆ ಬಳಸ್ತಾರೆ ಅನ್ನೋದಕ್ಕೆ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಕಾರಣ ಕೊಟ್ಟರು: ಉಪಯೋಗ ಇದೆ ಅನ್ನಿಸಬೇಕು, ಬಳಸೋದು ಸುಲಭ ಅನ್ನಿಸಬೇಕು. ಅವರ ಅಧ್ಯಯನದಲ್ಲಿ ಉಪಯೋಗದ ತೂಕವೇ ಹೆಚ್ಚು. ಬೇಕಾದದ್ದು ಸಿಗೋ ಹಾಗಿದ್ರೆ ಕಷ್ಟವಾದರೂ ಜನ ಬರ್ತಾರೆ.

ಆದರೆ ಲೈಬ್ರರಿ ಸೈಟಲ್ಲಿ ಈ ಎರಡನ್ನೂ ಬೇರೆ ಮಾಡೋದು ಕಷ್ಟ. ‘ಸೊನ್ನೆ’ ಅಂತ ಬಂದರೆ ಹುಡುಕಾಟ ಸೋತಿದೆ ಅಂತ ಯಾರೂ ಅಂದ್ಕೊಳ್ಳಲ್ಲ, ಪುಸ್ತಕವೇ ಇಲ್ಲ ಅಂದ್ಕೊಳ್ತಾರೆ. ಜರ್ನಲ್‌ಗಳದ್ದೂ ಇದೇ ಕತೆ. ಎಷ್ಟೋ ಕಡೆ ಅವು ತೆರೆಯೋದು ಕ್ಯಾಂಪಸ್ಸಿನ ನೆಟ್‌ವರ್ಕಲ್ಲಿ ಮಾತ್ರ. ರಾತ್ರಿ ಮನೆಯಿಂದ ನೋಡಿದರೆ ‘ದುಡ್ಡು ಕಟ್ಟಿ’ ಅನ್ನೋ ಪುಟ. ಕಾಲೇಜು ಆಗಲೇ ಚಂದಾ ಕಟ್ಟಿದೆ ಅಂತ ಆ ಹುಡುಗಿಗೆ ಹೇಳೋರ್ಯಾರು?

ತಂತ್ರಾಂಶದ ಮೇಲೆ ತಪ್ಪು ಹೊರಿಸೋ ಹಾಗೂ ಇಲ್ಲ. ಉಚಿತವಾಗಿ ಸಿಗೋ ‘ಕೋಹಾ’ ಯೂನಿಕೋಡ್ ಕನ್ನಡವನ್ನ ತಗೊಳ್ಳುತ್ತೆ. ಪುಸ್ತಕದ ವಿವರವನ್ನ ಎರಡು ಲಿಪಿಯಲ್ಲೂ ಇಡೋಕೆ ಮಾರ್ಕ್ 21 ನಮೂನೆಯಲ್ಲಿ 880 ಅನ್ನೋ ಜಾಗವೇ ಇದೆ. ತುಂಬೋರು ಬೇಕು, ಅಷ್ಟೇ.

ಓದುಗರ ಸಮಯ ಉಳಿಸೋದು ಗ್ರಂಥಾಲಯದ ಧರ್ಮ ಅಂತ ಎಸ್. ಆರ್. ರಂಗನಾಥನ್ 1931ರಲ್ಲೇ ನಿಯಮ ಮಾಡಿದ್ದರು. ಅವರು ಕೊನೆಗಾಲದಲ್ಲಿ ಬದುಕಿದ್ದು ನಮ್ಮ ಬೆಂಗಳೂರಲ್ಲೇ.

ಸೈಟಿಗೆ ಎಷ್ಟು ಜನ ಬಂದರು ಅಂತ ಎಣಿಸೋ ಕಾಲೇಜುಗಳಿಗೆ ನನ್ನದೊಂದೇ ಕೋರಿಕೆ. ಎಷ್ಟು ಹುಡುಕಾಟ ಸೊನ್ನೆಯಾಯ್ತು ಅಂತ ಒಮ್ಮೆ ಲಾಗ್ ತೆಗೆದು ನೋಡಿ. ಬೀರುವಿನ ಮುಂದೆ ನಿಂತು ವಾಪಸ್ ಹೋದವರ ಲೆಕ್ಕ ಅಲ್ಲಿದೆ.