ಜೊಳ್ಳು ಫಸಲಿನ ವರ್ಷ

ಅಮೆರಿಕನ್ ಫುಟ್‌ಬಾಲ್ ಹುಚ್ಚಿನವರ ಮುಂದೆ 2013ರ ಡ್ರಾಫ್ಟಿನ ಹೆಸರೆತ್ತಿ ನೋಡಿ, ಮುಖ ಹುಳ್ಳಗಾಗುತ್ತದೆ. ಐಪಿಎಲ್ ಹರಾಜು ನೋಡಿದ ನಮಗೆ ಡ್ರಾಫ್ಟ್ ಬೇರೆಯೇ ವ್ಯವಹಾರ. ಇಲ್ಲಿ ಯಾರೂ ದರ ಕೂಗುವುದಿಲ್ಲ. ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುವುದು, ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಆ ಸಲ ಅದು 2 ಗೆದ್ದು 14 ಸೋತಿದ್ದ ಕ್ಯಾನ್ಸಸ್ ಸಿಟಿ ಚೀಫ್ಸ್ ಪಾಲಿಗೆ ಬಂತು.

ಒಂದು ವರ್ಷ ಮೊದಲು ಇದೇ ಜಾಗದಲ್ಲಿದ್ದ ಇಂಡಿಯಾನಾಪೊಲಿಸ್‌ಗೆ ಆಂಡ್ರ್ಯೂ ಲಕ್ ಸಿಕ್ಕಿದ್ದ. ಚೀಫ್ಸ್‌ಗೆ ಅಂಥ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಯಾರೂ ಕಾಣಲಿಲ್ಲ. ಸೆಂಟ್ರಲ್ ಮಿಶಿಗನ್ ಎಂಬ ಸಣ್ಣ ಹೆಸರಿನ ವಿಶ್ವವಿದ್ಯಾಲಯದ ಎರಿಕ್ ಫಿಶರ್‌ನನ್ನು ಆರಿಸಿದರು. ಲೆಫ್ಟ್ ಟ್ಯಾಕಲ್, ಅಂದರೆ ಚೆಂಡು ಮುಟ್ಟದೆ, ಚೆಂಡು ಎಸೆಯುವವನ ಬೆನ್ನು ಕಾಯುವ ಆಳು. ಮೊದಲ 11 ಆಯ್ಕೆಗಳಲ್ಲಿ 6 ಮಂದಿ ಇಂಥ ಬೇಲಿಗೂಟಗಳೇ. ಮೊದಲ ಸುತ್ತಿನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್‌ಬ್ಯಾಕ್ ಒಬ್ಬನೇ ಒಬ್ಬನೂ ಇಲ್ಲ; 1963ರ ನಂತರ ಹಾಗಾಗಿದ್ದು ಅದೇ ಮೊದಲು. ಕ್ವಾರ್ಟರ್‌ಬ್ಯಾಕ್ ಒಬ್ಬನೇ, 16ನೆಯವನಾಗಿ ಬಫಲೋಗೆ ಹೋದ ಇ.ಜೆ. ಮ್ಯಾನುಯೆಲ್. ಅವನ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

ಫಸಲು ಜೊಳ್ಳು ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೇಲಿನ ಹತ್ತರಲ್ಲಿ ಜೊಳ್ಳೇ ಹೆಚ್ಚು, ಅದರಲ್ಲಿ ವಾದವಿಲ್ಲ. ಮೋಸಹೋಗದ ಆಯ್ಕೆ ಎಂದು ಜಾಕ್ಸನ್‌ವಿಲ್ ನಂಬಿದ ಲೂಕ್ ಜೋಕೆಲ್ ಗಾಯಗಳಲ್ಲೇ ಸವೆದ. 12ನೇ ಸರದಿಯಿಂದ 3ಕ್ಕೆ ಜಿಗಿದು ಮಯಾಮಿ ತಂದುಕೊಂಡ ಡಿಯಾನ್ ಜೋರ್ಡನ್, 2015ರ ಇಡೀ ಋತುವನ್ನು ನಿಷೇಧದಲ್ಲಿ ಕಳೆದ. ಆದರೆ ಎತ್ತಿನ ಹಲ್ಲು ಎಣಿಸುವಂತೆ ಈ ಹುಡುಗರ ಎತ್ತರ, ಅಂಗೈ ಅಗಲ, 40 ಗಜದ ಓಟ ಎಲ್ಲವನ್ನೂ ಅಳೆದವರೇ, ಮುಂದೆ ತಾರೆಯಾದ ಟ್ರಾವಿಸ್ ಕೆಲ್ಸಿಯನ್ನು 63ನೇ ಸರದಿಯವರೆಗೆ ಬಿಟ್ಟರಲ್ಲ! ಟೈರನ್ ಮ್ಯಾಥ್ಯೂ 69, ಕೀನನ್ ಆಲನ್ 76, ಡೇವಿಡ್ ಬಖ್ತಿಯಾರಿ 109. ಕಾಳಿತ್ತು. ಜರಡಿಯ ಕಣ್ಣು ದೊಡ್ಡದಿತ್ತು.

ಮೇಲಿನವರಲ್ಲೂ ಗಟ್ಟಿಯಾಗಿ ನಿಂತವನು ಲೇನ್ ಜಾನ್ಸನ್, 4ನೇ ಆಯ್ಕೆ. ಟೆಕ್ಸಸ್‌ನ ಒಂದು ಜೂನಿಯರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಮೈ ತುಂಬುತ್ತ ತುಂಬುತ್ತ ಜಾಗ ಬದಲಿಸಿ ಕೊನೆಗೆ ಟ್ಯಾಕಲ್ ಆದ. ಫಿಲಡೆಲ್ಫಿಯಾಕ್ಕೆ ಎರಡು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆಲ್ಲಿಸಿದ ತಂಡಗಳಲ್ಲಿ ಅವನಿದ್ದ. 39ನೆಯವನಾಗಿ ಜೆಟ್ಸ್ ಸೇರಿ, ಬೆಂಚಿನಲ್ಲೇ ಮರೆತುಹೋಗಿದ್ದ ಜೀನೋ ಸ್ಮಿತ್ 2022ರಲ್ಲಿ ಸಿಯಾಟಲ್‌ನಲ್ಲಿ ಎದ್ದು ನಿಂತ. ಒಂದು ಪೀಳಿಗೆಗೆ ಅಂಕ ಹಾಕಲು ಎಷ್ಟು ವರ್ಷ ಕಾಯಬೇಕು? ನಮ್ಮ ಪತ್ರಿಕೆಗಳು ಹರಾಜಿನ ಮಾರನೇ ಬೆಳಗ್ಗೆಯೇ ತಂಡಗಳಿಗೆ ಅಂಕ ಕೊಟ್ಟುಬಿಡುತ್ತವೆ.

ಇನ್ನು ಫಿಶರ್. ಸಪ್ಪೆ ವರ್ಷದ ಸಪ್ಪೆ ಮೊದಲಿಗ ಎಂದು ಎಂಟು ವರ್ಷ ಅನ್ನಿಸಿಕೊಂಡವನು. ಅವನು ಮಹಾನ್ ಆಟಗಾರನಲ್ಲ, ನಿಜ. 2020ರ ಫೆಬ್ರವರಿಯಲ್ಲಿ ಚೀಫ್ಸ್ ಸೂಪರ್ ಬೌಲ್ ಗೆದ್ದಾಗ ಎಡಗಡೆ ನಿಂತಿದ್ದವನು ಅವನೇ. ಬೇಲಿ ಗಟ್ಟಿಯಿದ್ದಾಗ ಬೇಲಿಯನ್ನು ಯಾರು ನೋಡುತ್ತಾರೆ? ಮರುವರ್ಷ ಫೈನಲ್‌ಗೆ ಮುಂಚಿನ ಪಂದ್ಯದಲ್ಲೇ ಅವನ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಬಲಗಡೆಯ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್ ಕೂಡ ಇರಲಿಲ್ಲ. ಟ್ಯಾಂಪಾದ ಆ ಫೈನಲ್‌ನಲ್ಲಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಚೆಂಡು ಹಿಡಿದು ಹಿಂದೆ ಹಿಂದೆ ಓಡಿದ, ಎದುರಾಳಿಗಳು ಬೆನ್ನಟ್ಟಿದರು, ಒಮ್ಮೆಯಂತೂ ನೆಲಕ್ಕೆ ಅಡ್ಡಡ್ಡ ತೇಲಿಕೊಂಡೇ ಚೆಂಡು ಎಸೆದ. ಚೀಫ್ಸ್‌ಗೆ ಒಂದೂ ಟಚ್‌ಡೌನ್ ಸಿಗಲಿಲ್ಲ. 31–9.

ಮರುತಿಂಗಳು ಚೀಫ್ಸ್ ಫಿಶರ್‌ನನ್ನು ತಂಡದಿಂದ ಬಿಟ್ಟಿತು.