ಕುಟುಂಬದ ಕಾರಿಗೆ ಓಟದ ವೇಷ ಬೇಕೇ?

ಮುಂದೆ ಎಂಜಿನ್, ನಡುವೆ ಐದು ಜನರಿಗೆ ಆಸನ, ಹಿಂದೆ ಸಾಮಾನಿಗೆ ಡಿಕ್ಕಿ. ಸೆಡಾನ್ ಎಂಬ ಕಾರಿನ ರಚನೆ ಇಷ್ಟೇ. ಅದರ ಕೆಲಸವೂ ಅಷ್ಟೇ ಸರಳ: ಮನೆಮಂದಿಯನ್ನು ಸುರಕ್ಷಿತವಾಗಿ, ಮಿತವ್ಯಯದಲ್ಲಿ, ಹೆಚ್ಚು ಕುಲುಕಾಟವಿಲ್ಲದೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಹೀಗಿರುವಾಗ ಇಂತಹ ಕಾರಿಗೂ ಒಂದು ‘ಹೈ ಪರ್ಫಾರ್ಮೆನ್ಸ್’ ಅವತಾರ ಬೇಕೇ? ಈ ಪ್ರಶ್ನೆಯನ್ನು ಅಭಿರುಚಿಯ ವಿಷಯವೆಂದು ಬಿಟ್ಟುಬಿಡುವುದು ರೂಢಿ. ಆದರೆ ಪಿಯುಸಿ ಮಟ್ಟದ ಭೌತವಿಜ್ಞಾನ ತಿಳಿದಿರುವ ಯಾರಾದರೂ ಇದಕ್ಕೆ ಲೆಕ್ಕದ ಮೂಲಕವೇ ಉತ್ತರ ಹುಡುಕಬಹುದು.

ಪರೀಕ್ಷೆಗೆ ಒಂದು ನಿಜವಾದ ಕಾರನ್ನೇ ತೆಗೆದುಕೊಳ್ಳೋಣ. ಅಮೆರಿಕದಲ್ಲಿ 2002ರಿಂದ ಎರಡು ದಶಕಗಳ ಕಾಲ ಸತತವಾಗಿ ಅತಿ ಹೆಚ್ಚು ಮಾರಾಟವಾದ ಸೆಡಾನ್ ಟೊಯೋಟ ಕ್ಯಾಮ್ರಿ. ಶಿಕ್ಷಕರು, ದಾದಿಯರು, ಗುಮಾಸ್ತರು ಕೊಳ್ಳುವ ಸಾಧು ಕಾರು ಎಂದೇ ಅದರ ಖ್ಯಾತಿ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಇದರ ಹೈಬ್ರಿಡ್ ರೂಪ ಜೋಡಣೆಯಾಗತೊಡಗಿದ್ದು ನಿಮಗೆ ನೆನಪಿರಬಹುದು. 2018ರ ನವೆಂಬರಿನಲ್ಲಿ, ಲಾಸ್ ಏಂಜಲೀಸ್ ವಾಹನ ಪ್ರದರ್ಶನದ ಸಮಯಕ್ಕೆ, ಕಂಪನಿ ಇದೇ ಕ್ಯಾಮ್ರಿಗೆ ‘ಟಿಆರ್‌ಡಿ’ ಎಂಬ ರೂಪವನ್ನು ಕೊಟ್ಟಿತು. ಟೊಯೋಟ ರೇಸಿಂಗ್ ಡೆವಲಪ್‌ಮೆಂಟ್ ಎಂಬುದರ ಸಂಕ್ಷೇಪ ಅದು. 2020ರ ಮಾದರಿಯಾಗಿ ಅಮೆರಿಕದ ಪೇಟೆಗೆ ಬಂದ ಈ ಕಾರು ಭಾರತಕ್ಕೆ ಬರಲಿಲ್ಲ.

ಇದು ಹೊಸ ಹುಚ್ಚೇನೂ ಅಲ್ಲ. 1989ರ ಮಾದರಿಯಲ್ಲಿ ಫೋರ್ಡ್ ಕಂಪನಿ ತನ್ನ ಕುಟುಂಬದ ಕಾರು ಟಾರಸ್‌ಗೆ ಯಮಾಹ ತಯಾರಿಸಿದ ವಿ-6 ಎಂಜಿನ್ನನ್ನು ಕೂರಿಸಿ ‘ಎಸ್‌ಎಚ್‌ಒ’ ಎಂದು ಹೆಸರಿಟ್ಟಿತ್ತು. ಸಾಧಾರಣ ಟಾರಸ್‌ನ 3 ಲೀಟರ್ ಎಂಜಿನ್ 140 ಅಶ್ವಶಕ್ತಿಯದು, ಎಸ್‌ಎಚ್‌ಒದ್ದು 220. ಅಲ್ಲಿ ಬದಲಾವಣೆಯ ತಿರುಳು ಎಂಜಿನ್ನೇ ಆಗಿತ್ತು. ಟಿಆರ್‌ಡಿ ಕ್ಯಾಮ್ರಿಯ ಕತೆ ಬೇರೆ. ಅದರ 3.5 ಲೀಟರ್ ವಿ-6 ಎಂಜಿನ್ ಕೊಡುವುದು 301 ಅಶ್ವಶಕ್ತಿ. ಆದರೆ ಇತರ ವಿ-6 ಕ್ಯಾಮ್ರಿಗಳೂ ಕೊಡುತ್ತಿದ್ದುದು ಅಷ್ಟೇ. ಓಟದ ಹೆಸರು ಹೊತ್ತ ಕಾರಿಗೆ ಒಂದು ಅಶ್ವಶಕ್ತಿಯೂ ಹೆಚ್ಚು ಸಿಗಲಿಲ್ಲ! ಹಲವು ವಿಮರ್ಶಕರು ಇದನ್ನು ಕೊರತೆ ಎಂದು ಬರೆದರು. ಆ ಕಾರಿನ ಅತ್ಯಂತ ವಿವೇಕದ ಅಂಶ ಅದೇ ಎಂಬುದು ನನ್ನ ವಾದ. ಏಕೆಂದು ನೋಡೋಣ.

ಅಶ್ವಶಕ್ತಿ ಎಷ್ಟು ಬೇಕು?

ಸಮತಟ್ಟಾದ ರಸ್ತೆಯಲ್ಲಿ ಏಕರೀತಿಯ ವೇಗದಲ್ಲಿ ಹೋಗುವ ಕಾರು ಎರಡು ವಿರೋಧಗಳನ್ನು ಮೀರಬೇಕು: ಗಾಳಿಯ ಎಳೆತ ಮತ್ತು ಟೈರುಗಳ ಉರುಳು ಘರ್ಷಣೆ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಕಾರಿನ ರಾಶಿ ಚಾಲಕನೂ ಸೇರಿ 1,700 ಕಿಲೋಗ್ರಾಂ, ಎಳೆತದ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣಗಳ ಗುಣಲಬ್ಧ 0.63 ಚದರ ಮೀಟರ್, ಉರುಳು ಘರ್ಷಣಾಂಕ 0.01 ಎಂದು ಇಟ್ಟುಕೊಳ್ಳಿ. ಈ ಗಾತ್ರದ ಸೆಡಾನ್‌ಗೆ ಇವು ಸಮಂಜಸವಾದ ಅಂದಾಜುಗಳು.

ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ವೇಗದಲ್ಲಿ ಗಾಳಿಗೆ 9 ಕಿಲೋವ್ಯಾಟ್, ಟೈರುಗಳಿಗೆ 5 ಕಿಲೋವ್ಯಾಟ್. ಒಟ್ಟು 14 ಕಿಲೋವ್ಯಾಟ್ ಸಾಕು. ಒಂದು ಅಶ್ವಶಕ್ತಿ 746 ವ್ಯಾಟ್ ಆದ್ದರಿಂದ ಇದು ಬರೀ 19 ಅಶ್ವಶಕ್ತಿ! ಅಮೆರಿಕದಲ್ಲಿ ಅತಿ ಹೆಚ್ಚಿನ ವೇಗಮಿತಿ ಇರುವುದು ಟೆಕ್ಸಾಸ್‌ನ ಒಂದು ಹೆದ್ದಾರಿಯಲ್ಲಿ. ಅದು ಗಂಟೆಗೆ 85 ಮೈಲಿ, ಅಂದರೆ 137 ಕಿ.ಮೀ. ಅಲ್ಲಿಯೂ ಬೇಕಾಗುವುದು ಸುಮಾರು 36 ಅಶ್ವಶಕ್ತಿ. ಉಳಿದ 265 ಅಶ್ವಗಳು ಲಾಯದಲ್ಲಿ ನಿಂತು ಮೇವು ತಿನ್ನುತ್ತಿರುತ್ತವೆ.

‘ಮೇವು’ ಎಂದದ್ದು ಬರಿಯ ಮಾತಿಗಲ್ಲ. ದೊಡ್ಡ ಎಂಜಿನ್ನನ್ನು ಅದರ ಸಾಮರ್ಥ್ಯದ ಹದಿನಾರನೇ ಒಂದು ಭಾಗದಲ್ಲಿ ಓಡಿಸುವಾಗ, ಅರೆಮುಚ್ಚಿದ ಥ್ರಾಟಲ್‌ನ ಮೂಲಕ ಗಾಳಿಯನ್ನು ಹೀರುವುದಕ್ಕೆ ಮತ್ತು ಆರು ಪಿಸ್ಟನ್‌ಗಳ ಘರ್ಷಣೆಗೆ ಇಂಧನದ ಗಣನೀಯ ಭಾಗ ಹೋಗುತ್ತದೆ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯ ಅಳತೆಯಂತೆ 2020ರ ಟಿಆರ್‌ಡಿ ಕ್ಯಾಮ್ರಿ ಒಂದು ಗ್ಯಾಲನ್ನಿಗೆ ಸರಾಸರಿ 25 ಮೈಲಿ ಓಡುತ್ತದೆ. ಅದೇ ವರ್ಷದ ನಾಲ್ಕು ಸಿಲಿಂಡರಿನ ಕ್ಯಾಮ್ರಿ ಎಲ್‌ಇ 32 ಮೈಲಿ, ಹೈಬ್ರಿಡ್ ಎಲ್‌ಇ 52 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಕ್ರಮವಾಗಿ 10.6, 13.6 ಮತ್ತು 22.1 ಕಿ.ಮೀ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ ಟಿಆರ್‌ಡಿ ಮತ್ತು ಹೈಬ್ರಿಡ್‌ಗಳ ನಡುವಣ ಅಂತರ 730 ಲೀಟರಿಗೂ ಹೆಚ್ಚು. ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉಳಿದ ಗುಣಾಕಾರ ನಿಮಗೆ ಬಿಟ್ಟದ್ದು.

ಇನ್ನೊಂದು ಪಕ್ಷದ ವಾದ

ಹೆಚ್ಚು ಸಾಮರ್ಥ್ಯವನ್ನು ಬಯಸುವವರ ವಾದದಲ್ಲೂ ಹುರುಳಿದೆ. ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎದುರು ಪಥದಲ್ಲಿ ಕಳೆಯುವ ಪ್ರತಿ ಸೆಕೆಂಡೂ ಅಪಾಯದ್ದು. ಗಂಟೆಗೆ 80 ಕಿ.ಮೀ.ಯಿಂದ 110ಕ್ಕೆ ಏರಲು ನಮ್ಮ ಕಾರಿಗೆ ಸುಮಾರು 374 ಕಿಲೋಜೂಲ್ ಹೆಚ್ಚುವರಿ ಚಲನಶಕ್ತಿ ಬೇಕು. ನಾಲ್ಕು ಸಿಲಿಂಡರಿನ ಎಂಜಿನ್ 203 ಅಶ್ವಶಕ್ತಿಯದು. ಗೇರು ಬದಲಾವಣೆ ಮುಂತಾದ ನಷ್ಟಗಳನ್ನು ಕಳೆದು ಗರಿಷ್ಠ ಸಾಮರ್ಥ್ಯದ ಶೇಕಡ 60ರಷ್ಟು ಸರಾಸರಿಯಾಗಿ ಚಕ್ರಕ್ಕೆ ತಲುಪುತ್ತದೆ, ಅದರಲ್ಲಿ 12 ಕಿಲೋವ್ಯಾಟ್ ಗಾಳಿಗೂ ಟೈರಿಗೂ ಹೋಗುತ್ತದೆ ಎಂದುಕೊಂಡರೆ ಇದಕ್ಕೆ 4.7 ಸೆಕೆಂಡು ಬೇಕು. 301 ಅಶ್ವಶಕ್ತಿಗೆ 3 ಸೆಕೆಂಡು ಸಾಕು. 1.7 ಸೆಕೆಂಡಿನ ಉಳಿತಾಯ. ಆ ವೇಗದಲ್ಲಿ ಸುಮಾರು 45 ಮೀಟರ್ ದೂರ. ಇದು ಅಲ್ಲಗಳೆಯಬಹುದಾದ ಲಾಭವಲ್ಲ. ಆದರೆ ಇದು ವಿ-6 ಎಂಜಿನ್ನಿನ ಲಾಭ, ಓಟದ ವೇಷದ್ದಲ್ಲ.

ಜೊತೆಗೆ, ಈ ಲಾಭಕ್ಕೆ ಒಂದು ಮಿತಿ ಇದೆ. ಕ್ಯಾಮ್ರಿಯಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ನಿಂತಾಗ ಕಾರಿನ ಭಾರದ ಸುಮಾರು ಶೇಕಡ 60 ಆ ಚಕ್ರಗಳ ಮೇಲಿರುತ್ತದೆ. ವೇಗ ಏರಿಸಿದೊಡನೆ ಭಾರದ ಒಂದಂಶ ಹಿಂದಕ್ಕೆ ಸರಿದು, ಎಳೆಯಬೇಕಾದ ಚಕ್ರಗಳೇ ಹಗುರವಾಗುತ್ತವೆ. ಗುರುತ್ವ ಕೇಂದ್ರದ ಎತ್ತರ 55 ಸೆಂಟಿಮೀಟರ್, ಚಕ್ರಗಳ ಅಚ್ಚುಗಳ ನಡುವಣ ದೂರ 2.825 ಮೀಟರ್, ಒಣ ರಸ್ತೆಯಲ್ಲಿ ಘರ್ಷಣಾಂಕ 1 ಎಂದಿಟ್ಟು ಲೆಕ್ಕ ಮಾಡಿದರೆ ಈ ಕಾರಿಗೆ ಸಾಧ್ಯವಿರುವ ಗರಿಷ್ಠ ವೇಗೋತ್ಕರ್ಷ ಗುರುತ್ವದ ಅರ್ಧದಷ್ಟು ಮಾತ್ರ. 203 ಅಶ್ವಶಕ್ತಿಯ ಎಂಜಿನ್ ತನ್ನ ಸಾಮರ್ಥ್ಯವನ್ನೆಲ್ಲ ಕೊಟ್ಟರೆ ಗಂಟೆಗೆ ಸುಮಾರು 65 ಕಿ.ಮೀ. ವೇಗದವರೆಗೆ ಟೈರೇ ಮಿತಿ, ಎಂಜಿನ್ ಅಲ್ಲ. ಅಂದರೆ ಊರೊಳಗಿನ ವೇಗಗಳಲ್ಲಿ ಹೆಚ್ಚುವರಿ 98 ಅಶ್ವಶಕ್ತಿ ಊಟಕ್ಕಿಲ್ಲದ ಉಪ್ಪಿನಕಾಯಿ. ರಸ್ತೆ ಒದ್ದೆಯಾಗಿದ್ದರೆ ಚಕ್ರ ನಿಂತಲ್ಲೇ ಗಿರಕಿ ಹೊಡೆಯುತ್ತದೆ.

ಟಿಆರ್‌ಡಿ ನಿಜವಾಗಿ ಬದಲಿಸಿದ್ದೇನು?

ಎಂಜಿನ್ನನ್ನು ಮುಟ್ಟದ ತಂತ್ರಜ್ಞರು ಮುಟ್ಟಿದ್ದು ಬ್ರೇಕು, ಸ್ಪ್ರಿಂಗು ಮತ್ತು ಚೌಕಟ್ಟುಗಳನ್ನು. ಮುಂದಿನ ಬ್ರೇಕ್ ತಟ್ಟೆಯ ವ್ಯಾಸ 12ರಿಂದ 12.9 ಅಂಗುಲಕ್ಕೆ ಏರಿತು. ಅದನ್ನು ಹಿಡಿಯುವ ಕ್ಯಾಲಿಪರಿಗೆ ಒಂದರ ಬದಲು ಎರಡು ಪಿಸ್ಟನ್ ಬಂದವು. ಕಾರು 0.6 ಅಂಗುಲ, ಅಂದರೆ 15 ಮಿಲಿಮೀಟರ್ ತಗ್ಗಿತು. ಬಾಗುವಿಕೆಯನ್ನು ತಡೆಯುವ ಸರಳುಗಳ ಬಿಗಿತ ಮುಂದೆ ಶೇಕಡ 44, ಹಿಂದೆ ಶೇಕಡ 67 ಹೆಚ್ಚಿತು. ತಳಭಾಗದ ಆಧಾರಪಟ್ಟಿಗಳು ದಪ್ಪವಾದವು. ಚಕ್ರಗಳು ಅಗಲವಾದರೂ ಒಂದೊಂದೂ ಸುಮಾರು 1.4 ಕಿಲೋಗ್ರಾಂ ಹಗುರವಾದವು.

ಇವುಗಳ ಬೆಲೆ ಕಟ್ಟುವಾಗಲೂ ಎಚ್ಚರ ಬೇಕು. ದೊಡ್ಡ ತಟ್ಟೆಯಿಂದ ಕಾರು ಬೇಗ ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಯಾವುದೇ ಕ್ಯಾಮ್ರಿಯ ಬ್ರೇಕು ಚಕ್ರವನ್ನು ಜಾರುವ ಅಂಚಿಗೆ ತರಬಲ್ಲದು. ಅಲ್ಲಿಂದಾಚೆ ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆ. ಘರ್ಷಣಾಂಕ 1 ಆದರೆ ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು 39 ಮೀಟರ್, 120ರಿಂದ 57 ಮೀಟರ್. ಚಾಲಕ ಎಚ್ಚೆತ್ತುಕೊಳ್ಳುವ ಒಂದೂವರೆ ಸೆಕೆಂಡನ್ನು ಸೇರಿಸಿದರೆ ಕ್ರಮವಾಗಿ 81 ಮತ್ತು 107 ಮೀಟರ್.

ಹಾಗಾದರೆ ದೊಡ್ಡ ತಟ್ಟೆಯ ಉಪಯೋಗವೇನು? ಉತ್ತರ ಉಷ್ಣದಲ್ಲಿದೆ. 100 ಕಿ.ಮೀ. ವೇಗದಿಂದ ಒಮ್ಮೆ ನಿಂತಾಗ 656 ಕಿಲೋಜೂಲ್ ಶಕ್ತಿ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗುತ್ತದೆ. ಕೊಲರಾಡೊ ರಾಜ್ಯದ ಪೈಕ್ಸ್ ಶಿಖರದಿಂದ ಇಳಿಯುವ ರಸ್ತೆಯನ್ನು ನೆನೆಯಿರಿ. ಅಲ್ಲಿ ಸುಮಾರು 800 ಮೀಟರ್ ಕೆಳಗಿನ ಗ್ಲೆನ್ ಕೋವ್ ಎಂಬಲ್ಲಿ ಸಿಬ್ಬಂದಿ ಕಾರುಗಳನ್ನು ತಡೆದು ಬ್ರೇಕಿನ ಉಷ್ಣತೆಯನ್ನು ಅಳೆಯುತ್ತಾರೆ. ಅಷ್ಟು ಇಳಿಯುವಾಗ ನಮ್ಮ ಕಾರು ಕಳೆದುಕೊಳ್ಳುವ ಸ್ಥಾನಶಕ್ತಿ 13 ಮೆಗಾಜೂಲ್; 100 ಕಿ.ಮೀ. ವೇಗದಿಂದ ಇಪ್ಪತ್ತು ಬಾರಿ ನಿಂತದ್ದಕ್ಕೆ ಸಮ. ಕೆಳಗೇರಿನ ನೆರವು ಪಡೆಯದ ಚಾಲಕನ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದು ಇಲ್ಲಿಯೇ. ಹೆಚ್ಚು ಲೋಹ, ಹೆಚ್ಚು ಮೇಲ್ಮೈ ಇರುವ ತಟ್ಟೆ ಆ ಗಳಿಗೆಯನ್ನು ಮುಂದೂಡುತ್ತದೆ. ಈಗ ಹೇಳಿ, ಬೆಟ್ಟ ಇಳಿಯುವುದು ಓಟದ ಹುಚ್ಚಿನವರು ಮಾತ್ರವೇ? ಮಕ್ಕಳನ್ನು ಕೂರಿಸಿಕೊಂಡು, ಡಿಕ್ಕಿ ತುಂಬಿಕೊಂಡು ಇಳಿಯುವ ಕುಟುಂಬದ ಕಾರಿನ ರಾಶಿ ಇನ್ನೂ ಹೆಚ್ಚು.

15 ಮಿಲಿಮೀಟರಿನ ತಗ್ಗುವಿಕೆ ಮಾತ್ರ ಅಷ್ಟು ಗಟ್ಟಿಯಾದ ಲಾಭವಲ್ಲ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸರಿಯುವ ಭಾರ ಗುರುತ್ವ ಕೇಂದ್ರದ ಎತ್ತರಕ್ಕೆ ಅನುಪಾತದಲ್ಲಿರುತ್ತದೆ. 55 ಸೆಂಟಿಮೀಟರಿನಲ್ಲಿ ಒಂದೂವರೆ ಸೆಂಟಿಮೀಟರ್ ಎಂದರೆ ಶೇಕಡ 3ಕ್ಕೂ ಕಡಿಮೆ. ಬಿಗಿಯಾದ ಸರಳುಗಳು ಕಾರು ಪಕ್ಕಕ್ಕೆ ವಾಲುವುದನ್ನು ತಗ್ಗಿಸುತ್ತವೆ, ಸರಿಯುವ ಭಾರವನ್ನು ಹಿಂದುಮುಂದಿನ ಚಕ್ರಗಳಿಗೆ ಬೇರೆ ರೀತಿ ಹಂಚುತ್ತವೆ. ಒಟ್ಟು ಭಾರವನ್ನು ಕಡಿಮೆ ಮಾಡುವುದಿಲ್ಲ. ಹಿಂದಿನ ಸರಳನ್ನು ಹೆಚ್ಚು ಬಿಗಿಮಾಡಿದ್ದರಿಂದ ಮುಂದಿನ ಚಕ್ರಗಳು ಚಾಲಕ ತಿರುಗಿಸಿದತ್ತ ಹೆಚ್ಚು ವಿಧೇಯವಾಗಿ ತಿರುಗುತ್ತವೆ. ಅದು ಒಳ್ಳೆಯದೇ. ಆದರೆ ಬಿಗಿಯಾದ ಸ್ಪ್ರಿಂಗು ಮತ್ತು 94 ಮಿಲಿಮೀಟರ್ ಗೋಡೆಯ ತೆಳು ಟೈರುಗಳು ರಸ್ತೆಯ ಪ್ರತಿ ಉಬ್ಬನ್ನೂ ಹಿಂದಿನ ಸೀಟಿನ ಅಜ್ಜಿಯ ಬೆನ್ನಿಗೆ ತಲುಪಿಸುತ್ತವೆ. ಚೌಕಟ್ಟಿನ ಬಿಗಿತಕ್ಕಾಗಿ ಹಿಂಬದಿಗೆ ಅಡ್ಡಪಟ್ಟಿ ಬಂದದ್ದರಿಂದ ಹಿಂದಿನ ಸೀಟನ್ನು ಮಡಚಿ ಉದ್ದನೆಯ ಸಾಮಾನು ಸಾಗಿಸುವ ಅನುಕೂಲವೂ ಹೋಯಿತು. ಕುಟುಂಬದ ಕಾರು ಇಲ್ಲಿ ಕುಟುಂಬವನ್ನೇ ಮರೆತಿತು.

ತೀರ್ಪು

ಈ ಲೆಕ್ಕಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಕುಟುಂಬದ ಸೆಡಾನ್‌ಗೆ ವಿಶೇಷ ‘ಹೈ ಪರ್ಫಾರ್ಮೆನ್ಸ್’ ರೂಪ ಬೇಕಿಲ್ಲ. ಆ ರೂಪದಲ್ಲಿರುವ ಉತ್ತಮ ಬ್ರೇಕು ಎಲ್ಲ ರೂಪಗಳಿಗೂ ಬೇಕು. ಟಿಆರ್‌ಡಿಯ ದೋಷ ಅದರ ಯಂತ್ರದಲ್ಲಿಲ್ಲ, ಸುರಕ್ಷತೆಯ ಅಂಶವೊಂದನ್ನು ಕೆಂಪು ಪಟ್ಟಿ ಮತ್ತು ಹಿಂಬದಿಯ ರೆಕ್ಕೆಯ ಜೊತೆ ಕಟ್ಟಿ ಶೋಕಿಯೆಂದು ಮಾರಿದ್ದರಲ್ಲಿದೆ. ಖರ್ಚಿನ ನೆಪವೂ ನಿಲ್ಲದು. ಸುಮಾರು 31,000 ಡಾಲರಿನ ಟಿಆರ್‌ಡಿಯೇ ವಿ-6 ಕ್ಯಾಮ್ರಿಗಳಲ್ಲಿ ಅಗ್ಗದ್ದಾಗಿತ್ತು. ಕೆಲವು ಐಷಾರಾಮಗಳನ್ನು ಬಿಟ್ಟರೆ ಒಳ್ಳೆಯ ಬ್ರೇಕಿಗೆ ಹಣ ಸಿಗುತ್ತದೆ ಎಂದು ಕಂಪನಿಯೇ ತೋರಿಸಿಕೊಟ್ಟಂತಾಯಿತು.

ಮುಂದಿನ ಬೆಳವಣಿಗೆಯೂ ಈ ಕಡೆಗೇ ಬೆರಳು ಮಾಡುತ್ತದೆ. 2024ರ ಮಾದರಿಯೊಂದಿಗೆ ಅಮೆರಿಕದಲ್ಲಿ ವಿ-6 ಕ್ಯಾಮ್ರಿಯೂ ಟಿಆರ್‌ಡಿಯೂ ಮುಗಿದವು. 2025ರ ಮಾದರಿಯಿಂದ ಎಲ್ಲ ಕ್ಯಾಮ್ರಿಗಳೂ ಹೈಬ್ರಿಡ್. ಸಾಮರ್ಥ್ಯ 225 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಚಾಲನೆ ಇರುವುದರಲ್ಲಿ 232. ಇಲ್ಲಿ ನಿಧಾನಗೊಳ್ಳುವಾಗಿನ ಚಲನಶಕ್ತಿಯ ಒಂದು ಪಾಲು ತಟ್ಟೆಯನ್ನು ಕಾಯಿಸುವ ಬದಲು ಬ್ಯಾಟರಿಗೆ ಮರಳುತ್ತದೆ. ಕಾರ್ಯಕ್ಷಮತೆ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಕಾಣೆ.

ಪದದ ಅರ್ಥಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. 2022ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 42,514 ಮಂದಿ. ಅವರಲ್ಲಿ 12,000ಕ್ಕೂ ಹೆಚ್ಚು ಸಾವುಗಳಲ್ಲಿ ಅತಿವೇಗದ ಪಾತ್ರವಿತ್ತು. ‘ಪರ್ಫಾರ್ಮೆನ್ಸ್’ ಎಂದರೆ ವೇಗ ಎಂದು ಕಲಿತ ಹುಡುಗ ಸ್ಟಿಯರಿಂಗ್ ಹಿಡಿದಾಗ ಆ ಪಾಠವನ್ನೂ ಜೊತೆಗೆ ಒಯ್ಯುತ್ತಾನೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ಚಲನಶಕ್ತಿಯ ಪಾಠ ಮಾಡುವಾಗ ಯಾವುದಾದರೂ ಕಾರಿನ ಜಾಹೀರಾತನ್ನು ತರಗತಿಗೆ ಒಯ್ಯಿರಿ. ಅದರಲ್ಲಿ ಅಶ್ವಶಕ್ತಿ ದಪ್ಪಕ್ಷರದಲ್ಲಿರುತ್ತದೆ. ನಿಲ್ಲುವ ದೂರ ಎಲ್ಲಿದೆ ಎಂದು ಹುಡುಕಲು ವಿದ್ಯಾರ್ಥಿಗಳಿಗೆ ಹೇಳಿ. ಸಿಗದಿದ್ದರೆ ಅವರಿಂದಲೇ ಲೆಕ್ಕ ಮಾಡಿಸಿ, ಆ ದೂರವನ್ನು ಶಾಲೆಯ ಮೈದಾನದಲ್ಲಿ ಹೆಜ್ಜೆಯಿಂದ ಅಳೆಯಲು ಬಿಡಿ. 107 ಮೀಟರ್ ಎಷ್ಟು ಉದ್ದ ಎಂಬುದು ಕಾಲಿಗೆ ತಿಳಿದರೆ ತಲೆ ಮರೆಯುವುದಿಲ್ಲ.